ಮಾವನವರ ಸ್ಟೋವು

ಮೊನ್ನೆ ನನ್ನ ಸೊಸೆ ರವಿಕೆಗೊಂದು ಹುಕ್ಕು ಹುಡುಕುತ್ತ ನನ್ನ ಗುಂಡಿಡಬ್ಬಿಯನ್ನು ಚಾಪೆಯ ಮೇಲೆ ಸುರಿದಳು. ಗುಂಡಿಡಬ್ಬಿ ಎನ್ನುವುದು ಹೆಸರಿಗೆ ಮಾತ್ರ. ಅದರಲ್ಲಿ ಗುಂಡಿಯೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ಇದೆ. ಕೊಡೆಕಡ್ಡಿಯ ತುದಿ, ಜೋಡಿ ಕಳೆದುಕೊಂಡ ಬೆಂಡೋಲೆಯ ತಿರುಪು, ಯಾವ ಬೀಗಕ್ಕೂ ಸೇರದ ಕೀಲಿಕೈ, ಇನ್ನೂ ಏನೇನೋ. ಅವುಗಳ ನಡುವಿನಿಂದ ಅವಳು ಬೆರಳುದ್ದದ ಒಂದು ತಗಡಿನ ಪಟ್ಟಿಯನ್ನು ಹೆಕ್ಕಿ ತೆಗೆದಳು. ಅದರ ತುದಿಯಲ್ಲಿ ಕೂದಲಿನಷ್ಟು ತೆಳ್ಳಗಿನ ತಂತಿ. ಬೆಳಕಿಗೆ ಹಿಡಿದು ಆಚೆ ಈಚೆ ತಿರುಗಿಸಿ ನೋಡಿ, "ಇದೆಂತ ಅತ್ತೆ, ಕಿವಿ ತೆಗೆಯೂದಾ?" ಎಂದು ಕೇಳಿದಳು.

ನನಗೆ ನಗು ತಡೆಯಲಾಗಲಿಲ್ಲ. ಅದು ಪಂಪ್ ಸ್ಟೋವಿನ ಪಿನ್ನು. ಸ್ಟೋವಿನ ತಲೆಯ ತೂತು ಕಟ್ಟಿಕೊಂಡಾಗ ಇದರಿಂದ ಚುಚ್ಚಿ ಬಿಡಿಸಬೇಕು. ಬಿಡಿಸಿದ ಮರುಗಳಿಗೆ ನೀಲಿ ಉರಿ ಭುಸ್ಸೆಂದು ಏಳುತ್ತದೆ, ಚುಚ್ಚಿದವರ ಹುಬ್ಬಿನ ಕೂದಲು ಒಂದಿಷ್ಟು ಕಡಿಮೆಯಾಗುತ್ತದೆ. ಕಿವಿಗೂ ಇದಕ್ಕೂ ಏನೂ ಸಂಬಂಧವಿಲ್ಲ ಎಂದು ಅವಳಿಗೆ ಹೇಳಹೊರಟವಳು ಬಾಯಿ ಮುಚ್ಚಿಕೊಂಡೆ. ಯಾಕೆಂದರೆ ಸಂಬಂಧ ಇದೆ. ನಮ್ಮ ಮನೆಯ ಮಟ್ಟಿಗಂತೂ ಆ ಪಿನ್ನಿಗೂ ಕಿವಿಗೂ ಭಾರಿ ಸಂಬಂಧ. ಆ ಕಥೆಯನ್ನು ಅವಳಿಗೆ ಹೇಳಿದೆ, ಹುಕ್ಕು ಹಾಗೇ ಉಳಿಯಿತು. ನಿಮಗೂ ಹೇಳುತ್ತೇನೆ, ನಿಮ್ಮ ಕೈಯಲ್ಲಿ ಏನು ಕೆಲಸವಿದ್ದರೂ ಸ್ವಲ್ಪ ಪಕ್ಕಕ್ಕಿಡಿ.

ನಾನು ಕುಮಟೆಯವಳು. ನನ್ನ ಅಪ್ಪ ಬಸ್ಸು ನಿಲ್ಲುವಲ್ಲಿ ಒಂದು ಚಹಾದ ಹೋಟೆಲು ಇಟ್ಟಿದ್ದ. ಹೋಟೆಲು ಅಂದರೆ ಎರಡು ಬೆಂಚು, ಒಂದು ಗಾಜಿನ ಕಪಾಟು, ಕಪಾಟಿನೊಳಗೆ ಗೋಳಿಬಜೆ, ಅದರ ಹೊರಗೆ ನೊಣ. ಊರಿನ ಮೊದಮೊದಲ ಪಂಪ್ ಸ್ಟೋವುಗಳಲ್ಲಿ ಒಂದು ಅಲ್ಲಿತ್ತು. ಹಿತ್ತಾಳೆಯ ಹೊಟ್ಟೆ, ಮೂರು ಕಾಲು, ಪಕ್ಕಕ್ಕೊಂದು ಪಂಪು. ಅಪ್ಪ ಅದನ್ನು ಹಚ್ಚುವುದನ್ನು ನೋಡಲೆಂದೇ ನಾವು ಮಕ್ಕಳು ಶಾಲೆಗೆ ತಡಮಾಡುತ್ತಿದ್ದೆವು. ಮೊದಲು ಹಳದಿ ಉರಿ ಹೊಗೆಯಾಡುತ್ತ ಏಳುವುದು, ಆಮೇಲೆ ಪಂಪು ಹೊಡೆದ ಹಾಗೆಲ್ಲ ಅದು ಕುಗ್ಗಿ ನೀಲಿಯಾಗಿ ಗರ್ಜಿಸತೊಡಗುವುದು. ಆ ಗರ್ಜನೆಯ ಪಕ್ಕದಲ್ಲಿ ನಿಂತು ಅಪ್ಪ, "ಎರಡು ಚಾ, ಒಂದು ಖಡಕ್" ಎಂದು ಕೂಗುತ್ತಿದ್ದ. ಗಿರಾಕಿಗಳೂ ಕೂಗುತ್ತಿದ್ದರು, ಬಸ್ಸಿನವರೂ ಕೂಗುತ್ತಿದ್ದರು. ಹಾಗಾಗಿ ಮಾತು ಅಂದರೆ ಕೂಗುವುದು ಎಂದೇ ನಾನು ಕಲಿತೆ. ಮನುಷ್ಯರು ಮೆಲ್ಲಗೂ ಮಾತಾಡುತ್ತಾರೆ ಎನ್ನುವುದು ನನಗೆ ಗೊತ್ತಾದದ್ದು ಮದುವೆಯಾದ ಮೇಲೆ.

ಐವತ್ತರ ದಶಕ ಮುಗಿಯುತ್ತ ಬಂದಾಗ ನನ್ನನ್ನು ಹೊನ್ನಾವರಕ್ಕೆ ಕೊಟ್ಟರು. ಬಂದರದ ಹತ್ತಿರ, ಲಾಂಚು ನಿಲ್ಲುವ ಕಡೆಯಿಂದ ನಡೆದು ಬರುವಷ್ಟು ದೂರದಲ್ಲಿ ಮನೆ. ಮನೆಯಲ್ಲಿ ಅತ್ತೆ, ಮಾವ, ನಾನು. ನಮ್ಮವರು ಭಟ್ಕಳದಲ್ಲಿ ಒಂದು ಬಸ್ ಕಂಪನಿಯ ಗುಮಾಸ್ತರು. ವಾರವೆಲ್ಲ ಅಲ್ಲೇ ಇದ್ದು ಶನಿವಾರ ಸಂಜೆ ಹೊಳೆ ದಾಟಿ ಬರುತ್ತಿದ್ದರು.

ಮಾವ ಫಾರೆಸ್ಟ್ ಡಿಪೋದಲ್ಲಿ ಮರದ ನಾಟಾ ಅಳೆಯುತ್ತ ಆಯುಷ್ಯ ಕಳೆದು ನಿವೃತ್ತರಾದವರು. ಮೂಗಿನ ಹತ್ತಿರ ಹಿಡಿದರೆ ಸಾಕು, ಚಕ್ಕೆ ಯಾವ ಮರದ್ದು ಎಂದು ಹೇಳುವರು. ಮನುಷ್ಯರ ಜೊತೆ ಮಾತ್ರ ಅವರದು ಮಿತವಾದ ವ್ಯವಹಾರ. ಬೆಳಗಿನಿಂದ ಸಂಜೆಯ ತನಕ ಜಗಲಿಯ ಬೆಂಚಿನ ಮೇಲೆ ಕುಳಿತಿರುವರು. ಊಟ ಬೇಕಾದರೆ ಒಂದು ಕೆಮ್ಮು, ನೀರು ಬೇಕಾದರೆ ಎರಡು. ಅತ್ತೆಯನ್ನು ಅವರು ಹೆಸರು ಹಿಡಿದು ಕರೆದದ್ದನ್ನು ನಾನು ಕೇಳಿಲ್ಲ. ಅತ್ತೆಯೂ ಅವರ ಎದುರು ನಿಂತು ಮಾತಾಡಿದ್ದಿಲ್ಲ. ಹೇಳಬೇಕಾದದ್ದನ್ನು ಬಾಗಿಲ ಸಂದಿಗೆ ಹೇಳಿ ಬರುವರು.

ಹಳೆಯ ಹಂಚಿನ ಮನೆಗಳು ನಿಮಗೆ ಗೊತ್ತಲ್ಲ, ಒಳಗಿನ ಗೋಡೆಗಳು ಮಾಡಿನ ತನಕ ಹೋಗುವುದಿಲ್ಲ. ಆಳೆತ್ತರಕ್ಕಿಂತ ಸ್ವಲ್ಪ ಮೇಲೆ ಹೋಗಿ ನಿಂತುಬಿಡುತ್ತವೆ. ಅಡುಗೆಮನೆಯಲ್ಲಿ ಸೌಟು ಬಿದ್ದರೆ ಜಗಲಿಯಲ್ಲಿ ಕೇಳುತ್ತದೆ. ನಾನು ಬಂದ ಹೊಸದರಲ್ಲಿ ಒಮ್ಮೆ ನನ್ನ ಹೋಟೆಲಿನ ಗಂಟಲಿನಲ್ಲಿ, "ಅತ್ತೆ, ಉಪ್ಪು ಎಲ್ಲಿದೆ?" ಎಂದು ಕೇಳಿದೆ. ಜಗಲಿಯಿಂದ ಕೆಮ್ಮು ಬಂತು. ಊಟಕ್ಕೂ ಅಲ್ಲ, ನೀರಿಗೂ ಅಲ್ಲ. ಅತ್ತೆ ತುಟಿಯ ಮೇಲೆ ಬೆರಳಿಟ್ಟರು. ಅಂದಿನಿಂದ ನಾವಿಬ್ಬರೂ ಕೈಸನ್ನೆಯಲ್ಲೇ ಅಡುಗೆ ಮಾಡತೊಡಗಿದೆವು. ಬಾವಿಕಟ್ಟೆಗೆ ಹೋಗಿ ಮಾತಾಡೋಣವೆಂದರೆ ಬಾವಿ ಇದ್ದದ್ದು ಜಗಲಿಯ ಎದುರಿಗೇ. ಮಾತಾಡದೆ ನನ್ನ ಹೊಟ್ಟೆ ಉಬ್ಬಿಹೋಗುತ್ತಿತ್ತು.

ಸ್ಟೋವು ಬಂದದ್ದು ಮಾತಿಗೆಂದು ಅಲ್ಲ, ಚಹಾಕ್ಕೆಂದು. ಆಗ ಹೊಳೆಗೆ ಸೇತುವೆ ಇರಲಿಲ್ಲ. ಭಟ್ಕಳದ ಕಡೆಯಿಂದ ಕುಮಟೆಗೆ ಹೋಗುವವರು ಆಚೆ ದಡದಲ್ಲಿ ಬಸ್ಸು ಇಳಿದು, ಲಾಂಚು ಹತ್ತಿ, ಈಚೆ ದಡದಲ್ಲಿ ಇನ್ನೊಂದು ಬಸ್ಸು ಹಿಡಿಯಬೇಕು. ನಮ್ಮ ನೆಂಟರೆಲ್ಲ ಈ ಎರಡರ ನಡುವೆ ನಮ್ಮ ಮನೆಗೊಂದು ಮುಖ ತೋರಿಸಿಯೇ ಹೋಗುವುದು. "ಕುಡಿಯೂಕೆ ಆಸರಿಗೆ ಎಂತ ಬೇಡ, ಲಾಂಚ್ ಬಂದೇಬಿಟ್ಟಿತು" ಎನ್ನುತ್ತಲೇ ಬೆಂಚಿನ ಮೇಲೆ ಕೂರುವರು. ಅತ್ತೆ ಒಲೆಗೆ ತೆಂಗಿನ ಮಡಲು ತುರುಕಿ, ಊದುಗೊಳವೆ ಹಿಡಿದು, ಕಣ್ಣಲ್ಲಿ ನೀರು ಸುರಿಸುತ್ತ ಚಹಾ ಮಾಡಿ ತರುವಷ್ಟರಲ್ಲಿ ನೆಂಟರು ಹೊಳೆಯ ನಡುವೆ ಇರುತ್ತಿದ್ದರು. ಈ ಕಥೆಯನ್ನು ತವರಿಗೆ ಹೋದಾಗ ಹೇಳಿದೆ. ಅಪ್ಪನಿಗೆ ಅದು ಹೋಟೆಲಿನವನ ಮರ್ಯಾದೆಯ ಪ್ರಶ್ನೆಯಾಯಿತು. ಬರುವಾಗ ಹೊಸದೊಂದು ಪಂಪ್ ಸ್ಟೋವನ್ನು ಗೋಣಿಯಲ್ಲಿ ಕಟ್ಟಿ ಜೊತೆಗೆ ಕೊಟ್ಟ.

ಮಾವನವರು ಗೋಣಿ ಬಿಚ್ಚಿದ್ದನ್ನು ನೋಡಿದರು. ಜೀವಮಾನವಿಡೀ ಕಟ್ಟಿಗೆಯ ಅನ್ನ ಉಂಡವರ ಮನೆಗೆ ಚಿಮಣಿ ಎಣ್ಣೆಯಲ್ಲಿ, ಅಂದರೆ ಸೀಮೆಎಣ್ಣೆಯಲ್ಲಿ, ಉರಿಯುವ ವಸ್ತು ಬಂದಿತ್ತು. ಅದರಲ್ಲಿ ಮಾಡಿದ ಚಹಾ ಎಣ್ಣೆ ನಾರುತ್ತದೆ, ತನಗೆ ಅದು ಬೇಡ ಎಂದು ಬಾಗಿಲ ಸಂದಿಗೆ ಹೇಳಿ ಜಗಲಿಗೆ ಹೋದರು. ಹೇಳಿದ ಮಾತಿಗೆ ತಪ್ಪಲಿಲ್ಲ. ಕೊನೆಯ ತನಕ ಆ ಸ್ಟೋವಿನ ಚಹಾ ಒಂದು ಗುಟುಕೂ ಅವರ ಗಂಟಲಿಗೆ ಇಳಿಯಲಿಲ್ಲ. ಅವರ ಪಾಲಿನದು ಒಲೆಯ ಮೇಲೆಯೇ ಆಗಬೇಕು.

ನೆರೆಮನೆಯವರು ಸ್ಟೋವು ನೋಡಿ ಹೋದರು, ಎಷ್ಟು ದಿನ ಇದೆಲ್ಲ ಎಂಬ ಮುಖ ಮಾಡಿಕೊಂಡು. ಅವರದು ತಪ್ಪೆಂದು ನಾನು ಹೇಳಲಾರೆ. ಹಿರೇಗುತ್ತಿಯ ನನ್ನ ದೊಡ್ಡಮ್ಮ ಹಟ ಹಿಡಿದು ಒಂದು ಹೊಲಿಗೆ ಮಷೀನು ತರಿಸಿಕೊಂಡಿದ್ದಳು. ಊರೆಲ್ಲ ನೆರೆದು ನೋಡಿತು. ದೊಡ್ಡಮ್ಮ ಒಂದು ದಿಂಬಿನ ಚೀಲ ಹೊಲಿದಳು, ಒಂದು ಲಂಗ ಹೊಲಿದಳು, ಲಂಗದ ಸೊಂಟ ದಿಂಬಿಗೂ ದಿಂಬಿನ ಬಾಯಿ ಸೊಂಟಕ್ಕೂ ಸರಿಹೋಗುವಂತಿತ್ತು. ಮಷೀನಿನ ಮೇಲೆ ಕಸೂತಿ ಬಟ್ಟೆ ಬಂತು, ಬಟ್ಟೆಯ ಮೇಲೆ ಎಲೆ ಅಡಿಕೆಯ ಕವಳದ ತಟ್ಟೆ ಬಂತು, ಕೊನೆಗೆ ಬೆಕ್ಕು ಮರಿ ಹಾಕಿತು. ಹೊಸ ವಸ್ತು ತರುವುದು ದೊಡ್ಡ ಮಾತಲ್ಲ, ನೋಡಿ. ಉತ್ಸಾಹ ಇದ್ದರೆ ಯಾರಾದರೂ ತರುತ್ತಾರೆ. ಅದು ಮರುವರ್ಷವೂ ಕೆಲಸದಲ್ಲಿ ಇದೆಯೋ, ಅದರ ಮೇಲೆ ಬೆಕ್ಕು ಮಲಗಿದೆಯೋ ಎನ್ನುವುದೇ ವಿಷಯ.

ನಮ್ಮ ಸ್ಟೋವಿಗೂ ಅದೇ ಗತಿ ಬರುವುದರಲ್ಲಿತ್ತು. ಮಳೆಗಾಲದಲ್ಲಿ ನೆಂಟರ ಓಡಾಟ ಕಡಿಮೆಯಾಯಿತು. ಸ್ಟೋವಿಗೋ ದಿನಕ್ಕೊಂದು ರಗಳೆ. ಒಂದು ದಿನ ಪಿನ್ನು ಮುರಿಯುವುದು, ಇನ್ನೊಂದು ದಿನ ಪಂಪಿನ ಚರ್ಮದ ವಾಶರು ಒಣಗಿ ಗಾಳಿ ಹಿಡಿಯದಿರುವುದು. ಅತ್ತೆಗೆ ಅದರ ಭುಸುಗುಡುವಿಕೆಯೇ ಹೆದರಿಕೆ. ಹಚ್ಚುವಾಗ ಒಂದು ಕಾಲು ಬಾಗಿಲ ಹೊರಗೇ ಇಟ್ಟಿರುತ್ತಿದ್ದರು.

ಹೀಗಿರುವಾಗ ಒಂದು ಮಧ್ಯಾಹ್ನ, ಯಾರೋ ನೆಂಟರು ಚಹಾ ಕುಡಿದು ಹೋದ ಮೇಲೆ, ಸ್ಟೋವು ಇನ್ನೂ ಗರ್ಜಿಸುತ್ತಲೇ ಇತ್ತು. ಆರಿಸಲೆಂದು ನಾನು ಬಗ್ಗಿದೆ. ಅತ್ತೆ ಏನೋ ಹೇಳಿದಂತಾಯಿತು. ಕೇಳಲಿಲ್ಲ. ಅವರು ನನ್ನ ಕಿವಿಯ ಹತ್ತಿರ ಬಂದು ಸ್ವರ ಏರಿಸಿ ಇನ್ನೊಮ್ಮೆ ಹೇಳಿದರು. ಬಂದ ನೆಂಟರ ಹೆಂಡತಿಯ ಸೀರೆ ತನ್ನ ಮದುವೆಯ ಕಾಲದ್ದು ಎಂದು. ನಾನು ಅಷ್ಟೇ ಸ್ವರದಲ್ಲಿ, ಸೀರೆ ಹೋಗಲಿ, ಆ ಮೂಗುತಿ ನೋಡಿದಿರಾ ಎಂದೆ. ಜಗಲಿಯಿಂದ ಕೆಮ್ಮು ಬರಲಿಲ್ಲ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಅತ್ತೆ ಮೆಲ್ಲಗೆ ಕೈ ಚಾಚಿ ಪಂಪನ್ನು ಇನ್ನೂ ನಾಲ್ಕು ಬಾರಿ ಹೊಡೆದರು.

ಅಂದಿನಿಂದ ನಮ್ಮ ಮನೆಯಲ್ಲಿ ಸ್ಟೋವು ತಪ್ಪಿದ ಮಧ್ಯಾಹ್ನವಿಲ್ಲ. ಏನಾದರೊಂದು ಮೇಲೆ ಇಡುತ್ತಿದ್ದೆವು, ಮರ್ಯಾದೆಗೆ. ಹೆಚ್ಚಾಗಿ ಬರಿಯ ನೀರು. ನೀರು ಕುದಿದು ಅರ್ಧವಾಗುವ ತನಕ ನಾವಿಬ್ಬರೂ ಮಾತಾಡುತ್ತಿದ್ದೆವು. ಅತ್ತೆಯ ಹೊಟ್ಟೆಯಲ್ಲಿ ಇಷ್ಟೊಂದು ಮಾತಿದೆ ಎಂದು ನನಗೆ ಅಂದಾಜೇ ಇರಲಿಲ್ಲ. ತವರಿನ ಸುದ್ದಿ, ನಾದಿನಿಯರ ಸುದ್ದಿ, ತಾನು ಸಣ್ಣವಳಿದ್ದಾಗ ಮಾವಿನ ಮರದಿಂದ ಬಿದ್ದ ಸುದ್ದಿ, ಎಲ್ಲಕ್ಕಿಂತ ಹೆಚ್ಚಾಗಿ ಜಗಲಿಯಲ್ಲಿ ಕುಳಿತವರ ಸುದ್ದಿ. ಸ್ಟೋವಿನ ಗರ್ಜನೆಯ ಮೇಲೆ ಕೇಳಬೇಕಲ್ಲ, ಅತ್ತೆ ಕೂಗುತ್ತಿದ್ದರು. ನಾನಂತೂ ಕೂಗುವುದರಲ್ಲೇ ಹುಟ್ಟಿದವಳು. ಅತ್ತೆ ಸೊಸೆ ಅಂದರೆ ಹಾವು ಮುಂಗುಸಿ ಎನ್ನುವ ಕಾಲದಲ್ಲಿ ನಾವು ಗೆಳತಿಯರಾದದ್ದು ಹೀಗೆ.

ಒಮ್ಮೆ ಯಾವುದೋ ಸ್ಟೋವು ಕಂಪನಿಯವನು, ಕೈಚೀಲ ಹಿಡಿದವನು, ಲಾಂಚಿಗೆ ಕಾಯುತ್ತ ನಮ್ಮ ಜಗಲಿಗೆ ಬಂದ. ಎರಡು ವರ್ಷದಿಂದ ಸ್ಟೋವು ಬಳಸುತ್ತಿದ್ದೀರಂತೆ, ಅದರಲ್ಲಿ ನಿಮಗೆ ಏನು ಹಿಡಿಸಿತು ಎಂದು ಬಾಗಿಲಾಚೆಯಿಂದ ಅತ್ತೆಯನ್ನು ಕೇಳಿದ. ಚಹಾ ಬೇಗ ಆಗುತ್ತದೆ ಎಂದರು ಅತ್ತೆ. ಅವನು ಸಂತೋಷದಿಂದ ತಲೆಯಾಡಿಸಿ ಹೋದ. ಪಾಪ, ಎಷ್ಟು ಊರಿನ ಎಷ್ಟು ಅತ್ತೆಯಂದಿರು ಅವನಿಗೆ ಹೀಗೇ ಉತ್ತರ ಕೊಟ್ಟು ಕಳಿಸಿದ್ದರೋ.

ಆ ದಿನಗಳಲ್ಲೇ ಮಾವನವರು ಬದಲಾಗತೊಡಗಿದರು. ತೂತು ಬಿದ್ದ ಬನಿಯನ್ನಿನಲ್ಲಿ ನೆಂಟರ ಎದುರು ಕೂರುತ್ತಾರೆ, ತನಗೆ ತಲೆಯೆತ್ತಲಾಗುವುದಿಲ್ಲ ಎಂದು ಅತ್ತೆ ಒಂದು ದಿನ ಹೇಳಿದರು. ಮರುದಿನ ಮಾವ ಅಂಗಿ ಹಾಕಿ ಕುಳಿತಿದ್ದರು. ಡಿಪೋ ಬಿಟ್ಟರೂ ಗರಗಸ ಬಿಡಲಿಲ್ಲ, ಇವರ ಗೊರಕೆಯಲ್ಲಿ ಮರ ಸೀಳಬಹುದು ಎಂದು ಇನ್ನೊಂದು ದಿನ ಹೇಳಿ ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಆ ವಾರ ಮಾವ ಒಳಗೆ ಸೆಕೆ ಎಂದು ಹಾಸಿಗೆ ಸುತ್ತಿಕೊಂಡು ಜಗಲಿಗೆ ಹೋದರು. ಹೊನ್ನಾವರದಲ್ಲಿ ಸಿಗುವ ಈರುಳ್ಳಿಯೂ ಒಂದು ಈರುಳ್ಳಿಯೇ, ನಮ್ಮ ಕುಮಟೆಯ ಸಿಹಿ ಈರುಳ್ಳಿಯ ಗೊಂಚಲು ಕಾಣದೆ ಕಣ್ಣು ಬತ್ತಿತು ಎಂದು ನಾನು ಗೋಳಾಡಿದ್ದೆ. ಮುಂದಿನ ಸಂತೆಯ ದಿನ ಜಗಲಿಯ ತೊಲೆಗೆ ಮಾರುದ್ದದ ಗೊಂಚಲು ನೇತಾಡುತ್ತಿತ್ತು. ದಾರಿಯಲ್ಲಿ ಸಿಕ್ಕಿತು ಎಂದರು ಮಾವ. ಮುರ್ಡೇಶ್ವರಕ್ಕೆ ಹೋಗಿ ಎಷ್ಟು ಕಾಲವಾಯಿತೋ, ಗುಡ್ಡದ ಮೇಲೆ ನಿಂತು ಸಮುದ್ರ ನೋಡಬೇಕೆಂದು ಆಸೆ ಎಂದು ಅತ್ತೆ ನಿಟ್ಟುಸಿರು ಬಿಟ್ಟ ತಿಂಗಳೇ, ಮಾವ ಬಾಗಿಲ ಸಂದಿಗೆ ಬಂದು, ದೇವರಿಗೆ ಒಂದು ಕಾಯಿ ಒಡೆಸುವುದು ಬಾಕಿ ಇದೆ, ಎಲ್ಲ ಹೊರಡಿ ಎಂದರು.

ವಯಸ್ಸಾದ ಹಾಗೆ ಮನುಷ್ಯ ಮೆತ್ತಗಾಗುತ್ತಾನೆ ಎಂದು ಅತ್ತೆ ನನಗೆ ವಿವರಿಸಿದರು. ಕಾಯಿ ಒಡೆದು ಬಂದಮೇಲೆ, ಇದೆಲ್ಲ ಮುರ್ಡೇಶ್ವರನ ದಯೆ ಎಂದು ಅದನ್ನು ತಿದ್ದಿಕೊಂಡರು. ಇನ್ನೊಂದು ವಿಚಿತ್ರವನ್ನು ನಾವು ಗಮನಿಸಿದ್ದೆವು, ಅರ್ಥ ಮಾಡಿಕೊಂಡಿರಲಿಲ್ಲ. ಸ್ಟೋವಿನ ಚಹಾ ಮುಟ್ಟದ ಮನುಷ್ಯ ಸ್ಟೋವಿಗೆ ಎಣ್ಣೆ ಮುಗಿಯಲು ಬಿಡುತ್ತಿರಲಿಲ್ಲ. ಚಿಮಣಿ ಎಣ್ಣೆಯ ಡಬ್ಬ ಹಿಡಿದು ತಾವೇ ಅಂಗಡಿಗೆ ಹೋಗುವರು. ಪಿನ್ನುಗಳನ್ನು ಕಟ್ಟುಕಟ್ಟಾಗಿ ತಂದಿಡುವರು. ವಾಶರಿಗೆ ತೆಂಗಿನೆಣ್ಣೆ ಹಚ್ಚಿ ಬಿಸಿಲಿಗಿಟ್ಟಿರುವರು. ನನ್ನ ಗುಂಡಿಡಬ್ಬಿಯಲ್ಲಿ ಉಳಿದ ಪಿನ್ನು ಅವರು ತಂದ ಕಟ್ಟಿನದೇ.

ಇನ್ನು ನನ್ನ ವಿಷಯಕ್ಕೆ ಬರುತ್ತೇನೆ. ನಾನು ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾದವಳು. ಹೋಟೆಲಿನವನ ಮಗಳು ಮುಲ್ಕಿ ಪಾಸಾದಳೆಂದು ಅಪ್ಪ ಆ ದಿನ ಬಸ್ಸಿನವರಿಗೆಲ್ಲ ಪುಕ್ಕಟೆ ಚಹಾ ಕೊಟ್ಟಿದ್ದ. ಅಕ್ಕೋರಾಗಬೇಕು, ಕೈಯಲ್ಲಿ ಸೀಮೆಸುಣ್ಣ ಹಿಡಿದು ಕರಿಹಲಗೆಯ ಮುಂದೆ ನಿಲ್ಲಬೇಕು ಎಂದು ನನಗೆ ಬಾಲ್ಯದಿಂದ ಹುಚ್ಚು. ಮದುವೆಯಾದ ಮೇಲೆ ಆ ಹುಚ್ಚನ್ನು ಟ್ರಂಕಿನ ತಳದಲ್ಲಿ ಹಾಕಿಟ್ಟಿದ್ದೆ. ಆ ಬೇಸಿಗೆಯಲ್ಲಿ ನಮ್ಮ ದೂರದ ನೆಂಟರೊಬ್ಬರು, ಹೊಳೆಯಾಚೆ ಕಾಸರಕೋಡಿನ ಶಾಲೆಯ ಹೆಡ್‌ಮಾಸ್ತರರು, ಚಹಾ ಕುಡಿಯುತ್ತ ಮಾತಿಗೆ ಮಾತು ಬಂದು, ಶಾಲೆಯಲ್ಲಿ ಅಕ್ಕೋರ ಜಾಗ ಖಾಲಿ ಇದೆ, ಟ್ರೈನಿಂಗ್ ಆಗದಿದ್ದರೂ ನಡೆಯುತ್ತದೆ, ಮಳೆಗಾಲ ಹಿಡಿಯುವುದರೊಳಗೆ ಯಾರಾದರೂ ಸಿಕ್ಕರೆ ಸಾಕಾಗಿದೆ ಎಂದು ಹೇಳಿ ಹೋದರು.

ನಮ್ಮವರನ್ನು ಕೇಳಿದರೆ ಅಪ್ಪಯ್ಯ ಏನು ಹೇಳುತ್ತಾರೋ ನೋಡು ಎನ್ನುವವರು. ಅಪ್ಪಯ್ಯನನ್ನು ಕೇಳುವುದು ಸೊಸೆಯ ಕೆಲಸವಲ್ಲ. ಉಳಿದದ್ದು ಅತ್ತೆ. ಎರಡು ದಿನ ಧೈರ್ಯ ಕೂಡಿಸಿಕೊಂಡು, ಶನಿವಾರ ಮಧ್ಯಾಹ್ನ ಸ್ಟೋವಿನ ಪಕ್ಕದಲ್ಲಿ ಕುಳಿತು ನನ್ನ ಆಸೆಯನ್ನೆಲ್ಲ ಗಂಟಲು ಬಿಚ್ಚಿ ಹೇಳಿದೆ. ಅತ್ತೆ ನಗಲಿಲ್ಲ, ಬೈಯಲೂ ಇಲ್ಲ. "ನಾ ಯೋಚನೆ ಮಾಡಿ ನಾಳೆ ಹೇಳ್ತೆ" ಎಂದು ಸ್ಟೋವಿನ ಗಾಳಿ ಬಿಟ್ಟು ಆರಿಸಿದರು.

ಆ ಸಂಜೆಯೇ ನಮ್ಮವರು ಭಟ್ಕಳದಿಂದ ಬಂದರು, ಕಂಕುಳಲ್ಲಿ ಒಂದು ರಟ್ಟಿನ ಪೆಟ್ಟಿಗೆ ಇಟ್ಟುಕೊಂಡು. ಭಟ್ಕಳದ ಪೇಟೆಯಲ್ಲಿ ಹೊಸ ವಸ್ತು ಕಂಡರೆ ಅವರ ಕಾಲು ನಿಲ್ಲುವುದಿಲ್ಲ. ಪೆಟ್ಟಿಗೆಯೊಳಗೆ ಒಂದು ಬತ್ತಿ ಸ್ಟೋವು. ಹಸಿರು ಬಣ್ಣ, ಸುತ್ತಲೂ ಬತ್ತಿ, ತಿರುಗಿಸಿದರೆ ಏರುವುದು, ತಿರುಗಿಸಿದರೆ ಇಳಿಯುವುದು. ಪಂಪು ಬೇಡ, ಪಿನ್ನು ಬೇಡ, ಸಿಡಿದೀತೆಂಬ ಹೆದರಿಕೆ ಬೇಡ. "ನೋಡು ಆಯಿ, ಒಂಚೂರೂ ಸದ್ದಿಲ್ಲ" ಎಂದು ಅವರು ಅದನ್ನು ಹಚ್ಚಿ ತೋರಿಸಿದರು. ಹೌದು, ಒಂಚೂರೂ ಸದ್ದಿರಲಿಲ್ಲ. ನಾನು ಅತ್ತೆಯ ಮುಖ ನೋಡಿದೆ. ಅತ್ತೆ ನನ್ನ ಮುಖ ನೋಡಿದರು. ತಾಯಿಯ ಕಣ್ಣು ತುಂಬಿದ್ದನ್ನು ಕಂಡು ನಮ್ಮವರು ಸಂತೋಷದಿಂದ ಉಬ್ಬಿ, ಹಳೆಯ ಸ್ಟೋವನ್ನು ತಾವೇ ಹೊತ್ತು ಅಟ್ಟಕ್ಕೆ ಹಾಕಿದರು.

ಅತ್ತೆಯ 'ನಾಳೆ' ಹಾಗೇ ನಿಂತುಹೋಯಿತು. ಸೋಮವಾರ ಅವರು ಪಿಸುಗುಟ್ಟಲು ಬಾಯಿ ತೆರೆದರು. ಜಗಲಿಯಲ್ಲಿ ಬೆಂಚು ಕಿರುಗುಟ್ಟಿದ ಸದ್ದು ಅಡುಗೆಮನೆಗೆ ಸ್ಪಷ್ಟವಾಗಿ ಕೇಳಿಸಿತು, ಬಾಯಿ ಮುಚ್ಚಿದರು. ಹಳೆಯದನ್ನು ಇಳಿಸೋಣವೆಂದರೆ ಮಗ ಪ್ರೀತಿಯಿಂದ ತಂದದ್ದಕ್ಕೆ ಅವಮಾನ. ಮತ್ತೆ ಕೈಸನ್ನೆ ಶುರುವಾಯಿತು. ಕೈಸನ್ನೆಯಲ್ಲಿ ಉಪ್ಪು ಕೇಳಬಹುದು, ಶಾಲೆಗೆ ಹೋಗಲೇ ಎಂದು ಕೇಳುವುದು ಹೇಗೆ ನೀವೇ ಹೇಳಿ. ಆಕಾಶದಲ್ಲಿ ಮೋಡ ಕಟ್ಟುತ್ತಿತ್ತು. ಆಚೆ ದಡದಿಂದ ಲಾಂಚು ಬಂದಾಗಲೆಲ್ಲ, ಜಾಗ ತುಂಬಿತು ಎಂಬ ಸುದ್ದಿ ಅದರಲ್ಲಿ ಬಂತೋ ಎಂದು ನಾನು ಬಾಗಿಲಿಗೆ ಹೋಗಿ ಇಣುಕುತ್ತಿದ್ದೆ.

ಮಾವನವರೂ ಆ ವಾರ ಸರಿಯಿರಲಿಲ್ಲ. ಬೆಂಚಿನಿಂದ ಏಳುವರು, ಕೂರುವರು, ಬಾವಿಕಟ್ಟೆಗೆ ಒಂದು ಸುತ್ತು ಹೋಗಿ ಬರುವರು. ಊಟ ಸೇರುತ್ತಿಲ್ಲ ಎನ್ನುವರು. ಪಿತ್ತವೆಂದು ಅತ್ತೆ ಜೀರಿಗೆ ಕಷಾಯ ಮಾಡಿಕೊಟ್ಟರು, ಒಲೆಯ ಮೇಲೆ.

ಗುರುವಾರವೋ ಶುಕ್ರವಾರವೋ ಇರಬೇಕು, ಮಧ್ಯಾಹ್ನ ಅಟ್ಟದ ಏಣಿ ಸದ್ದಾಯಿತು. ನೋಡಿದರೆ ಮಾವ ಮೇಲಿನಿಂದ ಒಂದೊಂದೇ ಮೆಟ್ಟಿಲು ಇಳಿಯುತ್ತಿದ್ದಾರೆ, ಎದೆಗೆ ಹಳೆಯ ಸ್ಟೋವನ್ನು ಅವಚಿಕೊಂಡು. ಜಗಲಿಗೆ ಒಯ್ದು ಧೂಳು ಒರೆಸಿದರು. ವಾಶರು ತೆಗೆದು ಎಣ್ಣೆ ಹಚ್ಚಿದರು. ಹೊಟ್ಟೆ ತುಂಬ ಚಿಮಣಿ ಎಣ್ಣೆ ಹೊಯ್ದರು. ಆಮೇಲೆ, ನಾನು ಆ ಮನೆಗೆ ಬಂದ ಮೇಲೆ ಮೊದಲ ಬಾರಿಗೆ, ಬಾಗಿಲ ಸಂದಿಯಲ್ಲಿ ನಿಲ್ಲದೆ ಅಡುಗೆಮನೆಯ ಒಳಗೇ ಬಂದರು. ಸ್ಟೋವನ್ನು ನೆಲದ ಮೇಲಿಟ್ಟು, ಅದಕ್ಕೇ ಹೇಳುವವರ ಹಾಗೆ ತಲೆ ತಗ್ಗಿಸಿ ಹೇಳಿದರು:

"ಇದನ್ನ ಹಚ್ಚಿ. ಆ ಶಾಲೆ ಮಾತು ಅರ್ಧಕ್ಕೇ ನಿಂತದೆ."

ಅತ್ತೆಯ ಕೈಯಲ್ಲಿದ್ದ ಸೌಟು ಬಿತ್ತು. ಜಗಲಿಯ ತನಕ ಕೇಳಿರಬೇಕು, ಆದರೆ ಕೇಳಲು ಅಲ್ಲಿ ಯಾರೂ ಇರಲಿಲ್ಲ. ಅವರು ಗಂಡನ ಮುಖವನ್ನು ನೆಟ್ಟಗೆ ನೋಡಿದರು.

"ಎಲ್ಲ ಕೇಳ್ತಿತ್ತಾ?"

"ಬಂದರದ ತನಕ ಕೇಳ್ತಿತ್ತು" ಎಂದರು ಮಾವ.

ಸ್ಟೋವಿನ ಪಕ್ಕ ಕೂತ ನಮಗೆ ಜಗಲಿಯ ಕೆಮ್ಮು ಕೇಳುತ್ತಿರಲಿಲ್ಲ. ನಮಗೆ ಅವರದು ಕೇಳದಿದ್ದರೆ ಅವರಿಗೂ ನಮ್ಮದು ಕೇಳುವುದಿಲ್ಲ ಎಂದುಕೊಂಡಿದ್ದೆವು. ಜಗಲಿಗೆ ತಲುಪುವಾಗ ಸ್ಟೋವಿನ ಗರ್ಜನೆ ಬರೀ ಗುಂಯ್‌ಗುಡುವಷ್ಟಾಗಿ, ಅದರ ಮೇಲೆ ನಮ್ಮಿಬ್ಬರ ಕೂಗು ಗೋಡೆ ಹಾರಿ ನೆಟ್ಟಗೆ ಅವರ ಕಿವಿಗೆ ಹೋಗುತ್ತಿತ್ತು, ಒಂದಕ್ಷರ ಬಿಡದೆ, ಇಷ್ಟು ವರ್ಷ. ಬನಿಯನ್ನಿನ ತೂತು, ಗರಗಸದ ಗೊರಕೆ, ಇಲ್ಲಿ ಬರೆಯಲಾಗದ ಇನ್ನೆಷ್ಟೋ. ನನ್ನ ಕಿವಿ ಕೆಂಡವಾಯಿತು. ಭೂಮಿ ಬಾಯಿ ಬಿಟ್ಟರೆ ಇಳಿದುಬಿಡುತ್ತಿದ್ದೆ.

ಅತ್ತೆ ಇಳಿಯುವವರಲ್ಲ. ಅಷ್ಟರಲ್ಲಿ ಮಾವ ಜಗಲಿಗೆ ಹೋಗಿ ಬೆಂಚಿನ ಮೇಲೆ ಕುಳಿತಾಗಿತ್ತು. ಅತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಸ್ಟೋವು ಹಚ್ಚಿದರು, ಎರಡೂ ಕಾಲು ಒಳಗೇ ಇಟ್ಟು. ಪಂಪು ಹೊಡೆದರು. ಉರಿ ನೀಲಿಯಾಗಿ ಗರ್ಜಿಸತೊಡಗಿತು. ಆಮೇಲೆ ನನ್ನ ಕಡೆ ತಿರುಗದೆ, ಗೋಡೆಯ ಕಡೆ ಮುಖ ಮಾಡಿ, "ಹಂಗಾರೆ ಕೇಳಿ" ಎಂದು ಶುರುಮಾಡಿದರು. ಹುಡುಗಿ ಮುಲ್ಕಿ ಪಾಸಾದವಳು, ಅದು ಟ್ರಂಕಿನಲ್ಲಿಡುವ ವಸ್ತುವಲ್ಲ. ತನಗೆ ಅಕ್ಷರ ಬಾರದೆ ಮಗನ ಕಾಗದವನ್ನು ನೆರೆಮನೆಯವರ ಹತ್ತಿರ ಓದಿಸಿಕೊಂಡದ್ದು ಸಾಕಾಗಿದೆ, ಇನ್ನಷ್ಟು ಹೆಣ್ಣುಮಕ್ಕಳು ಹಾಗಾಗುವುದು ಬೇಡ. ಹೋಗಬೇಕೆಂದೇ ತನ್ನ ಮಾತು. ನನಗೆ ಆ ಕ್ಷಣ ಅವರ ಕಾಲು ಹಿಡಿಯಬೇಕೆನ್ನಿಸಿತು. ಸ್ಟೋವು ನಡುವೆ ಇತ್ತು.

ಜಗಲಿಯಿಂದ ಮಾವನ ಸ್ವರ ಬಂತು. ಕೆಮ್ಮಲ್ಲ, ಸ್ವರ. ಮಳೆಗಾಲದಲ್ಲಿ ಹೊಳೆ ದಾಟುವುದು ಹೇಗೆ ಎಂದು ಅವರೂ ಕೂಗಿ ಕೇಳಿದರು. ಲಾಂಚಿನವನು ದಾಟುವುದಿಲ್ಲವೇ ಎಂದರು ಅತ್ತೆ. ಮನೆಯ ಕೆಲಸ? ತನಗೆ ಕೈಯಿಲ್ಲವೇ? ಮಾವ, "ನಿಂಗೆ ಒಬ್ಬಳಿಗೇ ಆಗ್ತದಾ?" ಎಂದು ಕೇಳಿದರು. ಆ ಮಾತಿಗೆ ಅತ್ತೆಯ ಸ್ವರ ಒಮ್ಮೆ ತಡವರಿಸಿತು.

"ಆಗ್ದಿದ್ರೆ ಹೇಳ್ತೆ. ಸ್ಟೋವ್ ಅದೆಯಲ್ಲ."

ಅತ್ತೆ ಪಂಪನ್ನು ಇನ್ನೆರಡು ಬಾರಿ ಹೊಡೆದರು. ಆಮೇಲೆ ಜಗಲಿಯಿಂದ ಕೇಳಿತು:

"ಅಡ್ಡಿಲ್ಲ. ಅವಳ ಸ್ವರ ಈ ಮನೆಗೆ ಜಾಸ್ತಿ ಆತು. ಶಾಲೆಗೆ ಸಮ ಆಗ್ತದೆ."

ನಾನು ಅತ್ತೆಯನ್ನು ತಬ್ಬಿಕೊಂಡು ಅಳುವುದು, ನಗುವುದು ಎರಡನ್ನೂ ಸ್ಟೋವಿಗಿಂತ ಜೋರಾಗಿಯೇ ಮಾಡಿದೆ. ಮಾವ ಅಂದೇ ಸಂಜೆ ಲಾಂಚು ಹತ್ತಿ ಹೆಡ್‌ಮಾಸ್ತರರಿಗೆ ಮಾತು ಕೊಟ್ಟು ಬಂದರು.

ಶನಿವಾರ ಬಂದ ನಮ್ಮವರಿಗೆ ಅಡುಗೆಮನೆಯ ಮೂಲೆಯಲ್ಲಿ ತಮ್ಮ ಹಸಿರು ಸ್ಟೋವು ಕಂಡಿತು, ಅದರ ಮೇಲೆ ಮಿಡಿ ಉಪ್ಪಿನಕಾಯಿಯ ಭರಣಿ. ಸದ್ದಿಲ್ಲದ್ದು ಒಳ್ಳೆಯದಲ್ಲವೇ ಎಂದು ಬೇಸರದಿಂದ ಕೇಳಿದರು. ಅದಕ್ಕೆ ಉತ್ತರ ಕೊಟ್ಟವರು ಮಾವ. ಸದ್ದಿಲ್ಲದಿದ್ದರೆ ಮನೆಯಲ್ಲಿ ಯಾರಿದ್ದಾರೆಂದೇ ಗೊತ್ತಾಗುವುದಿಲ್ಲ ಎಂದರು.

ಆ ಪಂಪ್ ಸ್ಟೋವು ಆಮೇಲೆ ಬಹಳ ಕಾಲ ನಮ್ಮ ಮನೆಯಲ್ಲಿ ಉರಿಯಿತು. ಅದಕ್ಕಿಂತ ಬೇಗ ಚಹಾ ಮಾಡುವ ವಸ್ತುಗಳು ಬಂದವು, ಅಗ್ಗದವು ಬಂದವು, ಚೆಂದದವು ಬಂದವು. ಕೊನೆಗೆ ಸೇತುವೆಯೂ ಬಂದು ಅವಸರದ ನೆಂಟರೇ ಇಲ್ಲವಾದರು. ಯಾವ ಕೆಲಸಕ್ಕೆಂದು ತಂದೆವೋ ಆ ಕೆಲಸವೇ ಹೋದ ಮೇಲೂ ಅದು ಉಳಿಯಿತು. ಯಾಕೆ ಎಂದು ಕೇಳಿದವರಿಗೆ ಅತ್ತೆ, ಚಹಾ ಬೇಗ ಆಗುತ್ತದೆ ಎಂದೇ ಹೇಳುತ್ತಿದ್ದರು. ಸ್ಟೋವು ಉರಿಯದಿದ್ದಾಗ ಅತ್ತೆ ಮಾವ ಇಬ್ಬರೂ ಮೊದಲಿನ ಹಾಗೇ ಬಾಗಿಲ ಸಂದಿ ಮತ್ತು ಕೆಮ್ಮು. ಉರಿಯುವಾಗ ಮಾತ್ರ ಗಂಡ ಹೆಂಡತಿ.

ಶಾಲೆಯ ಮೊದಲ ದಿನ ಭಾರಿ ಮಳೆ. ಸಂಜೆ ಹೊಳೆ ದಾಟಿ ಮನೆ ಸೇರಿದಾಗ ನನ್ನ ಸೀರೆಯ ಅಂಚಿನಿಂದ ನೀರು ಇಳಿಯುತ್ತಿತ್ತು, ಕೈಯಲ್ಲಿ ಸೀಮೆಸುಣ್ಣದ ಬಿಳಿ ಇನ್ನೂ ಹೋಗಿರಲಿಲ್ಲ. ಮಾವ ಬೆಂಚಿನ ಮೇಲೆ ಕುಳಿತು ಮಳೆ ನೋಡುತ್ತಿದ್ದರು. ನನ್ನನ್ನು ನೋಡಿಯೂ ನೋಡದವರ ಹಾಗೆ ಮುಖ ತಿರುಗಿಸಿದರು. ಒಳಗೆ ಹೋದೆ. ಅತ್ತೆ ಒಣ ಸೀರೆ ಕೊಟ್ಟು, ಮಣೆ ಹಾಕಿ ಕೂರಿಸಿ, ಸ್ಟೋವಿಗೆ ಪಂಪು ಹೊಡೆಯತೊಡಗಿದರು. ಉರಿ ನೀಲಿಯಾಯಿತು. ಮೇಲೆ ಏನೂ ಇಟ್ಟಿರಲಿಲ್ಲ, ಬರಿಯ ನೀರು ಕೂಡ. ಮರೆತಿರಬೇಕೆಂದುಕೊಂಡು ನಾನು ಪಾತ್ರೆಗೆ ಕೈ ಹಾಕಿದೆ. ಅತ್ತೆ ನನ್ನ ಕೈ ಹಿಡಿದು ನಿಲ್ಲಿಸಿದರು. ಗಲ್ಲವನ್ನು ಜಗಲಿಯ ಕಡೆ ಒಮ್ಮೆ ಎತ್ತಿ ತೋರಿಸಿದರು.

"ಅದೆಲ್ಲ ಆಮೇಲೆ. ನೀ ಶಾಲೆ ಸುದ್ದಿ ಹೇಳು. ಸ್ವಲ್ಪ ದೊಡ್ಡಕೆ ಹೇಳು."